ತಾಮ್ರದ ತಗಡಿನಲ್ಲಿ ಊರಾಚೆಯ ಹಾದಿ

ಮಳೆ ಈಗಷ್ಟೇ ನಿಂತಿದೆಯೋ, ಇನ್ನೇನು ಸುರಿಯಲಿದೆಯೋ ಹೇಳುವುದು ಕಷ್ಟ. ಎಡಗಡೆಯ ಆಕಾಶದಲ್ಲಿ ಓರೆಯಾಗಿ ಎಳೆದ ಗೆರೆಗಳು ನೀರಿನ ಪರದೆಯಂತೆ ಇಳಿದಿವೆ. ಬಲಗಡೆ ಸಣ್ಣದೊಂದು ದಿಬ್ಬದ ಮೇಲೆ ಮೂರು ಮರಗಳು ಬೆಳಕಿಗೆ ಬೆನ್ನು ಕೊಟ್ಟು ಕಪ್ಪಗೆ ನಿಂತಿವೆ. ದೂರದ ದಿಗಂತದಂಚಿನಲ್ಲಿ ಪಟ್ಟಣವೊಂದರ ಗೋಪುರಗಳು ಚುಕ್ಕೆಗಳಂತೆ ಕಾಣುತ್ತವೆ. ಕೆಳಗೆ, ನೀರಿನ ದಡದಲ್ಲಿ ಒಬ್ಬ ಗಾಳ ಹಾಕಿ ಕುಳಿತಿದ್ದಾನೆ; ಪಕ್ಕದಲ್ಲಿ ಒಬ್ಬ ಹೆಂಗಸು. ದಿಬ್ಬದ ನೆತ್ತಿಯಲ್ಲಿ ಇನ್ನೊಬ್ಬ ಕುಳಿತು ಚಿತ್ರ ಬರೆಯುತ್ತಿದ್ದಾನೆ. ಆದರೆ ಅವನ ಗಮನ ಮರಗಳ ಕಡೆಗಾಗಲಿ, ಮಳೆಯ ಕಡೆಗಾಗಲಿ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಬಲತುದಿಯ ಪೊದೆಯ ಕತ್ತಲಲ್ಲಿ ಪ್ರೇಮಿಗಳ ಜೋಡಿಯೊಂದು ಅಡಗಿರುವುದೂ ಕಾಣುತ್ತದೆ.

ಇದು ಡಚ್ ಕಲಾವಿದ ರೆಂಬ್ರಾಂಟ್ 1643ರಲ್ಲಿ ರಚಿಸಿದ 'ಮೂರು ಮರಗಳು' ಎಂಬ ಎಚ್ಚಿಂಗ್. ಅಗಲ 28 ಸೆಂಟಿಮೀಟರ್, ಎತ್ತರ 21 ಸೆಂಟಿಮೀಟರ್. ಒಂದು ಬರೆಯುವ ಹಾಳೆಯಷ್ಟು ಜಾಗದಲ್ಲಿ ಇಡೀ ಆಕಾಶವಿದೆ, ಇಡೀ ಬಯಲಿದೆ. ರಾಜನಿಲ್ಲ, ಸಂತನಿಲ್ಲ, ಯುದ್ಧವಿಲ್ಲ, ಪುರಾಣದ ಪ್ರಸಂಗವೂ ಇಲ್ಲ. ಚಿತ್ರದಲ್ಲಿ ನಡೆಯುತ್ತಿರುವ ಘಟನೆ ಎಂದರೆ ಹವೆ ಬದಲಾಗುವುದು ಒಂದೇ.

ಇಂದು ನಮಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು. ಗೋಡೆಯ ಕ್ಯಾಲೆಂಡರಿನ ಮೇಲೂ ಮರ, ಹೊಳೆ, ಹೊಲಗಳನ್ನು ನೋಡಿ ಬೆಳೆದವರು ನಾವು. ಆದರೆ ಏನೂ ನಡೆಯದ ಒಂದು ಬಯಲು, ಯಾರದೋ ಗುಡಿಸಲು, ಊರಿನಿಂದ ಹೊರಡುವ ಕೆಸರು ಹಾದಿ ಇವೆಲ್ಲ ತಮ್ಮಷ್ಟಕ್ಕೆ ತಾವೇ ಚಿತ್ರಕ್ಕೆ ತಕ್ಕ ವಸ್ತು ಎಂಬ ಭಾವನೆ ಯೂರೋಪಿನಲ್ಲಿ ಒಮ್ಮೆಲೇ ಹುಟ್ಟಿದ್ದಲ್ಲ. ಅದು ಬೇರೂರಿದ್ದು ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ, ಆಗತಾನೇ ತಲೆಯೆತ್ತುತ್ತಿದ್ದ ಡಚ್ ಗಣರಾಜ್ಯದಲ್ಲಿ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ದೊಡ್ಡ ದೊಡ್ಡ ವರ್ಣಚಿತ್ರಗಳಿಗಿಂತ ಮೊದಲು, ತಾಮ್ರದ ತಗಡಿನಿಂದ ತೆಗೆದ ಅಗ್ಗದ ಅಚ್ಚುಚಿತ್ರಗಳು. ಅದರ ಹಿಂದೆ ಒಂದು ಯುದ್ಧ, ಒಂದು ದೊಡ್ಡ ವಲಸೆ, ಒಂದು ತಾತ್ಕಾಲಿಕ ಶಾಂತಿ ಇದ್ದವು.

ಹಿನ್ನೆಲೆ ಮುನ್ನೆಲೆಗೆ ಬಂದದ್ದು

ಹದಿನಾರನೆಯ ಶತಮಾನದ ಯೂರೋಪಿನ ಚಿತ್ರಗಳಲ್ಲಿ ನಿಸರ್ಗ ಇರಲಿಲ್ಲವೆಂದಲ್ಲ. ಧಾರಾಳವಾಗಿಯೇ ಇತ್ತು, ಆದರೆ ಹಿನ್ನೆಲೆಯಾಗಿ. ಮುಂದೆ ಸಂತನೊಬ್ಬ ತಪಸ್ಸಿಗೆ ಕುಳಿತಿದ್ದರೆ ಹಿಂದೆ ಬೆಟ್ಟ, ಕಣಿವೆ, ಸಮುದ್ರ, ಕೋಟೆಗಳು ಒಂದರ ಹಿಂದೊಂದು ಹರಡಿರುತ್ತಿದ್ದವು. ಅದು ಯಾವುದೋ ಒಂದು ಊರಿನ ನೋಟವಲ್ಲ, ಎತ್ತರದಿಂದ ಕಂಡ ಇಡೀ ಲೋಕದ ಕಲ್ಪನೆ. ಜರ್ಮನಿಯ ಆಲ್ಟ್‌ಡಾರ್ಫರ್ ಸುಮಾರು 1520ರಲ್ಲಿ ಮನುಷ್ಯರೇ ಇಲ್ಲದ ಕೆಲವು ಪುಟ್ಟ ನಿಸರ್ಗದೃಶ್ಯಗಳನ್ನು ಎಚ್ಚಿಂಗ್ ಮಾಡಿದನಾದರೂ ಆ ದಾರಿಯಲ್ಲಿ ಮುಂದೆ ನಡೆದವರು ಆಗ ಹೆಚ್ಚು ಮಂದಿ ಇರಲಿಲ್ಲ.

ಮುಂದಿನ ಹೆಜ್ಜೆ ಬಿದ್ದದ್ದು ಈಗಿನ ಬೆಲ್ಜಿಯಮ್‌ನ ಅಂಟ್ವರ್ಪ್ ನಗರದಲ್ಲಿ. ಹಿಯೆರೊನಿಮಸ್ ಕಾಕ್ ಎಂಬ ಪ್ರಕಾಶಕ 1559 ಮತ್ತು 1561ರಲ್ಲಿ ಆ ನಗರದ ಸುತ್ತಮುತ್ತಲ ಹಳ್ಳಿಗಳ ನಲವತ್ತಕ್ಕೂ ಹೆಚ್ಚು ನೋಟಗಳನ್ನು ಎಚ್ಚಿಂಗ್‌ಗಳಾಗಿ ಹೊರತಂದ. ಹುಲ್ಲು ಹೊದಿಸಿದ ಮನೆ, ಬೇಲಿ, ಹಳ್ಳಿಯ ಬೀದಿ, ಕೆರೆಯ ದಂಡೆ. ಅವುಗಳನ್ನು ಕಣ್ಣಾರೆ ನೋಡಿ ಬರೆಯಲಾಗಿದೆ ಎಂದು ಪ್ರಕಾಶಕ ಹೆಮ್ಮೆಯಿಂದ ಸಾರಿದ್ದ. ಅದನ್ನು ಬರೆದ ಕಲಾವಿದನ ಹೆಸರನ್ನು ಮಾತ್ರ ಎಲ್ಲಿಯೂ ಹಾಕಲಿಲ್ಲ. ಇಂದಿಗೂ ಕಲಾ ಇತಿಹಾಸಕಾರರು ಅವನನ್ನು 'ಪುಟ್ಟ ನಿಸರ್ಗಚಿತ್ರಗಳ ಗುರು' ಎಂಬ ಅಡ್ಡಹೆಸರಿನಿಂದಲೇ ಗುರುತಿಸುತ್ತಾರೆ.

ಐವತ್ತು ವರ್ಷಗಳ ನಂತರ, 1612ರಲ್ಲಿ, ಈ ಚಿತ್ರಗಳ ಪ್ರತಿರೂಪಗಳು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅಂಟ್ವರ್ಪ್‌ನಲ್ಲಿ ಅಲ್ಲ, ಉತ್ತರದ ಆಮ್‌ಸ್ಟರ್‌ಡ್ಯಾಂನಲ್ಲಿ. ನಡುವಿನ ಐವತ್ತು ವರ್ಷಗಳಲ್ಲಿ ಆ ನಾಡಿನ ಹಣೆಬರಹವೇ ಬದಲಾಗಿತ್ತು.

ಯುದ್ಧ, ವಲಸೆ, ವಿರಾಮ

ಸ್ಪೇನ್ ದೊರೆಯ ಆಳ್ವಿಕೆಯ ವಿರುದ್ಧ ನೆದರ್‌ಲ್ಯಾಂಡ್ಸ್‌ನ ಪ್ರಾಂತಗಳು 1568ರಲ್ಲಿ ಬಂಡೆದ್ದವು. ತೆರಿಗೆಯ ಹೊರೆ, ಪ್ರಾಟೆಸ್ಟೆಂಟರ ಮೇಲಿನ ಧಾರ್ಮಿಕ ದಬ್ಬಾಳಿಕೆ ಎರಡೂ ಸೇರಿ ಹೊತ್ತಿಸಿದ ಬೆಂಕಿ ಅದು. 1572ರ ಡಿಸೆಂಬರಿನಲ್ಲಿ ಸ್ಪೇನಿನ ಸೇನೆ ಹಾರ್ಲೆಂ ನಗರಕ್ಕೆ ಮುತ್ತಿಗೆ ಹಾಕಿತು. ಏಳು ತಿಂಗಳು ಹಸಿವಿನಿಂದ ನರಳಿದ ಊರು 1573ರ ಜುಲೈಯಲ್ಲಿ ಶರಣಾಯಿತು. ಕಾವಲಿಗಿದ್ದ ಸೈನಿಕರ ಕಗ್ಗೊಲೆ ನಡೆಯಿತು. ಸುತ್ತಲಿನ ಕೋಟೆಮನೆಗಳು ಪಾಳುಬಿದ್ದವು. ಮುಂದೆ 1585ರಲ್ಲಿ ಅಂಟ್ವರ್ಪ್ ಕೂಡ ಸ್ಪೇನಿನ ವಶವಾಯಿತು. ಅಲ್ಲಿನ ಪ್ರಾಟೆಸ್ಟೆಂಟರಿಗೆ ಮತ ಬದಲಿಸುವುದಕ್ಕೆ, ಇಲ್ಲವೇ ಊರು ಬಿಡುವುದಕ್ಕೆ ನಾಲ್ಕು ವರ್ಷಗಳ ಗಡುವು ಸಿಕ್ಕಿತು. ನೇಕಾರರು, ವ್ಯಾಪಾರಿಗಳು, ಮುದ್ರಕರು, ಚಿತ್ರಕಾರರು ಗಂಟುಮೂಟೆ ಕಟ್ಟಿಕೊಂಡು ಉತ್ತರಕ್ಕೆ ನಡೆದರು.

ಹೀಗೆ ಬಂದವರಿಂದ ಹಾರ್ಲೆಂ, ಲೈಡನ್, ಆಮ್‌ಸ್ಟರ್‌ಡ್ಯಾಂ ನಗರಗಳು ಉಬ್ಬಿ ಬೆಳೆದವು. 1600ರ ಹೊತ್ತಿಗೆ ಸುಮಾರು 60,000 ಜನರಿದ್ದ ಆಮ್‌ಸ್ಟರ್‌ಡ್ಯಾಂನ ಜನಸಂಖ್ಯೆ ಶತಮಾನದ ಉತ್ತರಾರ್ಧದಲ್ಲಿ ಎರಡು ಲಕ್ಷದ ಹತ್ತಿರ ಬಂದಿತು. ಬಂದವರ ಮಕ್ಕಳಿಗೆ ತಂದೆತಾಯಿಯರ ಊರು ಕೇಳಿದ ಕಥೆ ಮಾತ್ರ. ಕಣ್ಣೆದುರಿಗಿದ್ದುದು ಮರಳುದಿಬ್ಬ, ಕಾಲುವೆ, ಗಾಳಿಗಿರಣಿಗಳ ಈ ಚಪ್ಪಟೆ ನೆಲ. ಅದೇ ಅವರ ಊರಾಗಬೇಕಿತ್ತು.

1609ರಲ್ಲಿ ಎರಡೂ ಕಡೆಯವರು ಹನ್ನೆರಡು ವರ್ಷಗಳ ಕದನವಿರಾಮಕ್ಕೆ ಒಪ್ಪಿದರು. ನಗರದ ಕೋಟೆಬಾಗಿಲು ದಾಟಿ ನಿರ್ಭಯವಾಗಿ ಓಡಾಡುವುದು ಬಹುಕಾಲದ ನಂತರ ಸಾಧ್ಯವಾಯಿತು. ರಜೆಯ ದಿನ ಸಂಸಾರ ಸಮೇತ ಊರಾಚೆ ಅಡ್ಡಾಡಿ ಬರುವುದು ಪಟ್ಟಣಿಗರಿಗೆ ಹೊಸ ಸುಖವೆನಿಸಿತು. ನಿಸರ್ಗಚಿತ್ರದ ಎಚ್ಚಿಂಗ್‌ಗಳು ಸಾಲುಸಾಲಾಗಿ ಹೊರಬರತೊಡಗಿದ್ದು ಈ ವರ್ಷಗಳಲ್ಲಿಯೇ.

1612ರ ಮರುಮುದ್ರಣದ ಹಿಂದಿದ್ದವನು ಕ್ಲಾಸ್ ಯಾನ್ಸ್ ವಿಸ್ಸರ್. ಆಮ್‌ಸ್ಟರ್‌ಡ್ಯಾಂನ ಈ ಚಿತ್ರಕಾರ ಪ್ರಕಾಶಕನೂ ಹೌದು, ನಕ್ಷೆಗಳ ವ್ಯಾಪಾರಿಯೂ ಹೌದು. ಹೆಸರಿಗೆ ತಕ್ಕಂತೆ ಬೆಸ್ತನ ಚಿತ್ರವನ್ನೇ ಅಂಗಡಿಯ ಗುರುತಾಗಿ ಇಟ್ಟುಕೊಂಡಿದ್ದ. ಸುಮಾರು ಅದೇ ಹೊತ್ತಿಗೆ ಅವನು ತಾನೇ ಬರೆದ 'ಹಿತವಾದ ತಾಣಗಳು' ಎಂಬ ಮಾಲಿಕೆಯನ್ನೂ ಹೊರತಂದ. ಹನ್ನೆರಡು ಪುಟ್ಟ ಹಾಳೆಗಳು. ಒಂದು ಮುಖಪುಟ, ಒಂದು ಪರಿವಿಡಿ, ಉಳಿದ ಹತ್ತು ಹಾರ್ಲೆಂ ಸುತ್ತಲ ನೋಟಗಳು: ಕಡಲತೀರದ ದೀಪಸ್ತಂಭ, ದಾರಿಬದಿಯ ತಂಗುಮನೆ, ನೇಯ್ದ ಲಿನನ್ ಬಟ್ಟೆಯನ್ನು ಬಿಸಿಲಿಗೆ ಹಾಸಿ ಬೆಳ್ಳಗೆ ಮಾಡುವ ಬಯಲು, ಕುಷ್ಠರೋಗಿಗಳ ಆಶ್ರಯಮನೆ. ದೂರ ಹೋಗಲು ಪುರುಸೊತ್ತಿಲ್ಲದ ಕಲಾಪ್ರೇಮಿಗಳು ಇಲ್ಲಿಯೇ ಕುಳಿತು ಈ ಸೊಗಸನ್ನು ಸವಿಯಬಹುದೆಂಬುದು ಅದರಲ್ಲಿದ್ದ ಆಹ್ವಾನ. ಹಾಳೆಗಳನ್ನು ಒಂದೊಂದಾಗಿ ತಿರುವಿದರೆ ಮನೆಯಲ್ಲಿ ಕುಳಿತೇ ಊರಾಚೆ ಒಂದು ಸುತ್ತು ಹೋಗಿಬಂದಂತೆ.

ಆ ಸುತ್ತು ಮುಗಿಯುವುದು ಒಂದು ಹಾಳುಮನೆಯ ಮುಂದೆ. ಅದು 'ಕ್ಲೇಫ್ ಮನೆ'. ಮುತ್ತಿಗೆಯ ಕಾಲದಲ್ಲಿ ಸ್ಪೇನಿನ ಸೇನಾಧಿಪತಿ ಬೀಡುಬಿಟ್ಟಿದ್ದ ಜಾಗ. ಹೊರಡುವಾಗ ಅವನ ಸೈನಿಕರು ಅದನ್ನು ಸಿಡಿಸಿ ಹೋಗಿದ್ದರು. ಚಿತ್ರ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿತವಾದ ತಾಣಗಳ ಕೊನೆಗೆ ಈ ಗಾಯದ ಗುರುತು ಇರುವುದರಿಂದಲೇ ಉಳಿದ ಹಾಳೆಗಳ ನೆಮ್ಮದಿಗೆ ಅರ್ಥ ಬರುತ್ತದೆ. ಇದು ಕೈತಪ್ಪಿಹೋಗಿ ಮತ್ತೆ ಸಿಕ್ಕ ನೆಲ.

ಅಷ್ಟೇ ಅಲ್ಲ, ಆ ನೆಲದ ಎಷ್ಟೋ ಭಾಗ ಮನುಷ್ಯರೇ ಮಾಡಿಕೊಂಡದ್ದು. ಆಮ್‌ಸ್ಟರ್‌ಡ್ಯಾಂನ ಉತ್ತರಕ್ಕಿದ್ದ ಬೇಮ್‌ಸ್ಟರ್ ಎಂಬ ದೊಡ್ಡ ಸರೋವರದ ನೀರನ್ನು ನಲವತ್ತಕ್ಕೂ ಹೆಚ್ಚು ಗಾಳಿಗಿರಣಿಗಳಿಂದ ಎತ್ತಿ ಹೊರಹಾಕಿ, ಸುಮಾರು 7,000 ಹೆಕ್ಟೇರ್ ಸಾಗುವಳಿ ಭೂಮಿ ಮಾಡಿದ್ದು ಇದೇ 1612ರಲ್ಲಿ. ಶತ್ರುವಿನಿಂದಲೂ ಸಮುದ್ರದಿಂದಲೂ ಕಿತ್ತುಕೊಂಡ ಭೂಮಿಯನ್ನು ಜನ ಕಣ್ಣು ತುಂಬ ನೋಡಬಯಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕರ್ನಾಟಕಕ್ಕೂ ಹಾರ್ಲೆಂಗೂ ಇದೇ ವರ್ಷಗಳಲ್ಲಿ ಒಂದು ನಂಟಿತ್ತು. ಕಾರ್ನೆಲಿಸ್ ಕ್ಲಾಸ್ ಹೇಡ ಎಂಬ ಹಾರ್ಲೆಂನ ಚಿತ್ರಕಾರ ಆಗ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿದ್ದ. 1622ರಲ್ಲಿ ಅಲ್ಲಿಯೇ ತೀರಿಕೊಂಡ. ಅವನು ಸುಲ್ತಾನನಿಗಾಗಿ ಬರೆದದ್ದು ರೋಮನ್ನರ ದೇವದೇವಿಯರನ್ನು. ಪರದೇಶದ ಅರಮನೆಗೆ ಪುರಾಣದ ವಸ್ತುವೇ ತಕ್ಕುದೆನಿಸಿತ್ತು. ಅವನ ತವರೂರಿನಲ್ಲಿ ಮಾತ್ರ ಕಿರಿಯರ ಕಣ್ಣು ದೇವತೆಗಳನ್ನು ಬಿಟ್ಟು ಕೆಸರು ಹಾದಿಯ ಕಡೆಗೆ ಹೊರಳಿತ್ತು.

ಮೇಣ, ಸೂಜಿ, ಆಮ್ಲ

ಈ ಹೊಸ ವಸ್ತುವಿಗೆ ಎಚ್ಚಿಂಗ್ ಹೇಗೆ ಒಗ್ಗಿತೆಂಬುದನ್ನು ತಿಳಿಯಲು ಅದರ ವಿಧಾನವನ್ನು ಸ್ವಲ್ಪ ನೋಡಬೇಕು. ತಾಮ್ರದ ತಗಡಿನಿಂದ ಚಿತ್ರ ಮುದ್ರಿಸುವ ಹಳೆಯ ಕ್ರಮವೆಂದರೆ ಕೆತ್ತನೆ. ಅಕ್ಕಸಾಲಿಗರ ಕೆತ್ತುಳಿಯಂಥ ಚೂಪಾದ ಉಳಿಯನ್ನು ಅಂಗೈಯಿಂದ ಒತ್ತಿ ತಳ್ಳುತ್ತ ಲೋಹವನ್ನು ನೇರವಾಗಿ ಕೊರೆಯಬೇಕು. ಅದಕ್ಕೆ ವರ್ಷಗಟ್ಟಲೆ ತರಬೇತಿ ಬೇಕು. ಗೆರೆ ಅಚ್ಚುಕಟ್ಟಾಗಿರುತ್ತದೆ, ಆದರೆ ಬಿಗುವಾಗಿರುತ್ತದೆ.

ಎಚ್ಚಿಂಗ್‌ನಲ್ಲಿ ಕೊರೆಯುವ ಕೆಲಸ ಆಮ್ಲದ್ದು. ತಗಡನ್ನು ಬಿಸಿ ಮಾಡಿ ಅದರ ಮೇಲೆ ಮೇಣ, ರಾಳಗಳ ತೆಳುವಾದ ಲೇಪ ಹಚ್ಚುತ್ತಾರೆ. ಆರಿದ ಲೇಪದ ಮೇಲೆ ಸೂಜಿಯಿಂದ ಚಿತ್ರ ಬರೆದರೆ ಗೆರೆ ಹೋದ ಕಡೆಯಲ್ಲೆಲ್ಲ ತಾಮ್ರ ಹೊಳೆಯುತ್ತದೆ. ಮೇಣ ಸೂಜಿಗೆ ಅಡ್ಡಿ ಮಾಡುವುದಿಲ್ಲವಾದ್ದರಿಂದ ಕಾಗದದ ಮೇಲೆ ಲೇಖನಿ ಓಡಿದಷ್ಟೇ ಸಲೀಸಾಗಿ ಕೈ ಓಡುತ್ತದೆ. ಆಮೇಲೆ ತಗಡಿಗೆ ಆಮ್ಲ ಸುರಿದರೆ ಅದು ತೆರೆದ ತಾಮ್ರವನ್ನು ಮಾತ್ರ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗಿ ಕಪ್ಪಾಗಿ ಮೂಡುತ್ತದೆ, ಬೇಗ ತೆಗೆದರೆ ನವಿರಾಗಿ. ದೂರದ ಗೋಪುರವನ್ನು ನಸುಕಾಗಿಯೂ ಹತ್ತಿರದ ಮರವನ್ನು ಗಾಢವಾಗಿಯೂ ಮಾಡಬೇಕಾದರೆ, ಮೊದಲ ಬಾರಿ ಆಮ್ಲ ತಿಂದ ಮೇಲೆ ಗೋಪುರದ ಗೆರೆಗಳನ್ನು ಮುಚ್ಚಿ ಮರವನ್ನಷ್ಟೇ ಮತ್ತೊಮ್ಮೆ ತಿನ್ನಿಸಬೇಕು.

ಕೊನೆಗೆ ಲೇಪ ತೆಗೆದು, ಗೆರೆಗಳಲ್ಲಿ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದ ಹೊದಿಸಿ ಉರುಳೆಗಳ ನಡುವೆ ಒತ್ತಿ ಹಾಯಿಸುತ್ತಾರೆ. ಚಿತ್ರ ಎಡಬಲ ತಿರುವುಮುರುವಾಗಿ ಮೂಡುತ್ತದೆ. ಒಂದು ತಗಡಿನಿಂದ ನೂರಾರು ಪ್ರತಿ ತೆಗೆಯಬಹುದಾದ್ದರಿಂದ ವರ್ಣಚಿತ್ರ ಕೊಳ್ಳಲಾಗದವರೂ ಇದನ್ನು ಕೊಂಡುಕೊಳ್ಳಬಹುದಿತ್ತು.

ತೊಟ್ಟು ಕಿತ್ತುಹೋದ ಎಲೆ, ಗಾಳಿಗೆ ಬಾಗಿದ ಜೊಂಡು, ಓರೆಯಾದ ಬೇಲಿ ಇವಕ್ಕೆ ಬಿಗುವಾದ ಕೆತ್ತನೆಯ ಗೆರೆ ಒಗ್ಗುವುದಿಲ್ಲ. ನಡುನಡುವೆ ನಿಲ್ಲುವ, ತಡವರಿಸುವ, ಮತ್ತೆ ಓಡುವ ಸೂಜಿಯ ಗೆರೆ ಒಗ್ಗುತ್ತದೆ. ಈ ಗುಣವನ್ನು ಮೊದಲು ಚೆನ್ನಾಗಿ ದುಡಿಸಿಕೊಂಡವರು ಹಾರ್ಲೆಂನಲ್ಲಿ ಕೆಲಸ ಮಾಡುತ್ತಿದ್ದ ತರುಣರು. ಅಂಟ್ವರ್ಪ್‌ನಿಂದ ವಲಸೆ ಬಂದವರ ಮಗನಾದ ಎಸೈಯಾಸ್ ವಾನ್ ಡ ವೆಲ್ಡ, ರೋಟರ್‌ಡ್ಯಾಂನಿಂದ ಬಂದ ವಿಲ್ಲೆಮ್ ಬಾಯ್ಟವೆಖ್, ಹೆಸರಾಂತ ಅಕ್ಷರ ಕಲಾವಿದನ ಮಗನಾದ ಯಾನ್ ವಾನ್ ಡ ವೆಲ್ಡ ಇವರಲ್ಲಿ ಮುಖ್ಯರು. ನೋಡುವ ಕಣ್ಣನ್ನು ಅವರು ಬೆಟ್ಟದ ತುದಿಯಿಂದ ನೆಲಕ್ಕಿಳಿಸಿದರು. ದಿಗಂತ ಕೆಳಗಿಳಿಯಿತು, ಆಕಾಶ ದೊಡ್ಡದಾಯಿತು. ಬಿಳಿಯ ಕಾಗದವನ್ನು ಹಾಗೆಯೇ ಬಿಟ್ಟು ಅದನ್ನೇ ಬೆಳಕಾಗಿಸುವುದನ್ನು ಕಲಿತರು. ಬಾಯ್ಟವೆಖ್‌ನ 1616ರ ಮಾಲಿಕೆಯಲ್ಲಿ, 1573ರಲ್ಲಿ ನಾಶವಾದ ಬ್ರೇಡೆರೋಡ ಕೋಟೆಯ ಅವಶೇಷವೂ ಇದೆ.

ಬಣ್ಣದಲ್ಲಿ ಅಚ್ಚು ಹಾಕಿದವನು

ಎಲ್ಲರೂ ಹತ್ತಿರದ್ದನ್ನೇ ನೋಡುತ್ತಿದ್ದಾಗ ಒಬ್ಬನು ಮಾತ್ರ ಬೇರೆಲ್ಲೋ ನೋಡುತ್ತಿದ್ದ. ಸುಮಾರು 1590ರಲ್ಲಿ ಹುಟ್ಟಿದ ಹರ್ಕ್ಯುಲಿಸ್ ಸೇಗರ್ಸ್ ಎಚ್ಚಿಂಗ್ ಮಾಡಿದ್ದು ಗುಡ್ಡ ಬೆಟ್ಟಗಳಿಲ್ಲದ ನಾಡಿನಲ್ಲಿ ಕುಳಿತು, ಸವೆದ ಬಂಡೆಗಳ, ನಿರ್ಜನ ಕಣಿವೆಗಳ, ಪಾಚಿ ಜೋಲುವ ಮರಗಳ ಲೋಕವನ್ನು. ನೀಲಿ, ಹಸಿರು ಶಾಯಿಗಳಲ್ಲಿ ಒತ್ತಿದ. ಕಾಗದಕ್ಕೆ ಮೊದಲೇ ಬಣ್ಣ ಹಚ್ಚಿದ. ಬಟ್ಟೆಯ ಮೇಲೂ ಮುದ್ರಿಸಿದ. ಮುದ್ರಿಸಿದ್ದರ ಮೇಲೆ ಮತ್ತೆ ಕುಂಚ ಆಡಿಸಿದ. ಒಂದೇ ತಗಡಿನಿಂದ ತೆಗೆದ ಎರಡು ಪ್ರತಿಗಳು ಒಂದು ನಡುಹಗಲಿನಂತೆ, ಇನ್ನೊಂದು ಇರುಳಿನಂತೆ ಕಾಣುತ್ತಿದ್ದವು. ನೂರು ಪ್ರತಿಯೂ ಒಂದೇ ತೆರನಾಗಿರಬೇಕೆಂಬ ಮುದ್ರಣದ ಮೂಲ ಲಾಭವನ್ನೇ ಅವನು ಬಿಟ್ಟುಕೊಟ್ಟಿದ್ದ.

ಮಾರುಕಟ್ಟೆ ಅವನ ಕೈಹಿಡಿಯಲಿಲ್ಲ. 1619ರಲ್ಲಿ ಕೊಂಡ ಆಮ್‌ಸ್ಟರ್‌ಡ್ಯಾಂನ ಮನೆ ಸಾಲದಲ್ಲಿ ಹೋಯಿತು. ದೊಡ್ಡ ಹಡಗೊಂದರ ಚಿತ್ರವಿದ್ದ ತಗಡನ್ನು ತುಂಡು ಮಾಡಿ ಅದರ ಮೇಲೆಯೇ ನಿಸರ್ಗಚಿತ್ರ ಬರೆದ. ಕೆಲವು ಪ್ರತಿಗಳಲ್ಲಿ ಬಂಡೆಗಳ ಮೇಲಿನ ಆಕಾಶದಲ್ಲಿ ಹಡಗಿನ ಹಗ್ಗಗಳು ಇನ್ನೂ ಮಸುಕಾಗಿ ಕಾಣುತ್ತವೆ. 1638ರ ಹೊತ್ತಿಗೆ ಅವನು ಬದುಕಿರಲಿಲ್ಲ. ರೆಂಬ್ರಾಂಟ್‌ನ ಶಿಷ್ಯನಾಗಿದ್ದ ಹೋಗ್‌ಸ್ಟ್ರಾಟೆನ್ 1678ರಲ್ಲಿ ಬರೆದ ಪುಸ್ತಕದ ಪ್ರಕಾರ, ಸೇಗರ್ಸ್‌ನ ಅಚ್ಚುಚಿತ್ರಗಳು ಬೆಣ್ಣೆ, ಸೋಪು ಕಟ್ಟಿಕೊಡುವ ಕಾಗದವಾಗಿದ್ದವು. ಮಾತು ಉತ್ಪ್ರೇಕ್ಷೆಯಿರಬಹುದು. ಆದರೆ ಐವತ್ತಕ್ಕೂ ಹೆಚ್ಚು ತಗಡುಗಳಿಂದ ಇಂದು ಉಳಿದಿರುವ ಪ್ರತಿಗಳು ಇನ್ನೂರನ್ನೂ ಮುಟ್ಟುವುದಿಲ್ಲ.

ಅವನ ಬೆಲೆಯನ್ನು ಅರಿತ ಒಬ್ಬನಿದ್ದ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾಗಿ ಅಧಿಕಾರಿಗಳು ಅವನ ಮನೆಯ ಸಾಮಾನುಗಳ ಪಟ್ಟಿ ಮಾಡಿದಾಗ ಅದರಲ್ಲಿ ಸೇಗರ್ಸ್‌ನ ಎಂಟು ವರ್ಣಚಿತ್ರಗಳಿದ್ದವು. ಸೇಗರ್ಸ್‌ನ ಒಂದು ತಾಮ್ರದ ತಗಡು ಕೂಡ ರೆಂಬ್ರಾಂಟ್‌ನ ಕೈ ಸೇರಿತ್ತು. ಅದರಲ್ಲಿದ್ದ ಟೋಬಿಯಾಸ್ ಮತ್ತು ದೇವದೂತನ ದೊಡ್ಡ ಆಕೃತಿಗಳನ್ನು ಹೆರೆದು ತೆಗೆದು ಅವನು ಈಜಿಪ್ಟಿಗೆ ಪಲಾಯನ ಮಾಡುತ್ತಿರುವ ಯೇಸುವಿನ ಕುಟುಂಬವನ್ನು ಬರೆದ. ಸುತ್ತಲ ನಿಸರ್ಗವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿದ. ಹೊಸದಾಗಿ ಬರೆದ ಮರಗಳ ನಡುವೆ ದೇವದೂತನ ರೆಕ್ಕೆಯ ಗೆರೆಗಳನ್ನು ಈಗಲೂ ಗುರುತಿಸಬಹುದು.

ರೆಂಬ್ರಾಂಟ್‌ನ ನಡಿಗೆಗಳು

ರೆಂಬ್ರಾಂಟ್ ಮಾಡಿದ ಸುಮಾರು 300 ಎಚ್ಚಿಂಗ್‌ಗಳಲ್ಲಿ ನಿಸರ್ಗಚಿತ್ರಗಳು ಇಪ್ಪತ್ತೈದರಷ್ಟು ಮಾತ್ರ. ಅವೆಲ್ಲ ಹೆಚ್ಚುಕಡಿಮೆ 1640ರಿಂದ 1653ರವರೆಗಿನವು. ಹೆಂಡತಿ ಸಸ್ಕಿಯಾ 1642ರಲ್ಲಿ ತೀರಿಕೊಂಡಳು. ಮನೆಯ ಸಾಲ ಬೆಳೆಯುತ್ತಿತ್ತು. ಆ ವರ್ಷಗಳಲ್ಲಿ ಅವನು ನಗರದ ಅಂಚಿನ ಒಡ್ಡುಗಳ ಮೇಲೆ, ಆಮ್‌ಸ್ಟೆಲ್ ಹೊಳೆಯ ದಂಡೆಯುದ್ದಕ್ಕೂ ನಡೆದಾಡಿ ಕಂಡದ್ದನ್ನು ಬರೆದ. ನಗರದ ಒಂದು ನೋಟದಲ್ಲಿ ಗೋಪುರಗಳು ಎಡಬಲ ಅದಲುಬದಲಾಗಿವೆ. ಕಂಡಂತೆಯೇ ತಗಡಿನ ಮೇಲೆ ಬರೆದದ್ದರ ಫಲ ಅದು. ಸರಿಪಡಿಸುವ ಗೋಜಿಗೆ ಅವನು ಹೋಗಿಲ್ಲ.

1641ರ 'ಗಾಳಿಗಿರಣಿ' ಆಮ್‌ಸ್ಟರ್‌ಡ್ಯಾಂನ ಕೋಟೆಗೋಡೆಯ ಮೇಲಿದ್ದ ಒಂದು ನಿಜವಾದ ಗಿರಣಿಯ ಚಿತ್ರ. ಮೀನಿನ ಎಣ್ಣೆ ಹಾಕಿ ಚರ್ಮ ಮೆದುಮಾಡುತ್ತಿದ್ದ ಅದನ್ನು ಜನ 'ಪುಟ್ಟ ನಾತದ ಗಿರಣಿ' ಎಂದು ಕರೆಯುತ್ತಿದ್ದರು. ಚಿತ್ರದಲ್ಲಿ ನಾತವಿಲ್ಲ. ಗಾಳಿ ಮಳೆಗೆ ಸವೆದ ಮರದ ಹಲಗೆಗಳಿವೆ, ಮೇಣದ ಲೇಪ ಬಿರುಕುಬಿಟ್ಟು ಆಮ್ಲ ಒಳನುಗ್ಗಿದ್ದರಿಂದ ಆಕಾಶದಲ್ಲಿ ಮೂಡಿದ ಸಣ್ಣ ಗೀರುಗಳಿವೆ. ಅದೂ ಹವೆಯ ಭಾಗವೇ ಎಂಬಂತೆ ಹೊಂದಿಕೊಂಡಿದೆ.

1645ರ 'ಸಿಕ್ಸ್‌ನ ಸೇತುವೆ'ಯ ಬಗ್ಗೆ ಫ್ರೆಂಚ್ ವ್ಯಾಪಾರಿ ಜೆರ್ಸೇನ್‌ನ 1751ರ ಸೂಚಿಯಲ್ಲಿ ಒಂದು ಕಥೆಯಿದೆ. ಊಟಕ್ಕೆ ಕುಳಿತಾಗ ಸಾಸಿವೆ ಇಲ್ಲದ್ದು ತಿಳಿದು ಆಳು ಹಳ್ಳಿಗೆ ಓಡಿದನಂತೆ. ಅವನು ಮರಳುವುದರೊಳಗೆ ಒಂದು ತಗಡು ಮುಗಿಸುತ್ತೇನೆಂದು ರೆಂಬ್ರಾಂಟ್ ಪಂಥ ಕಟ್ಟಿ ಗೆದ್ದನಂತೆ. ಕಥೆಯನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಇಂಥ ಕಥೆ ಹುಟ್ಟುವಷ್ಟು ಹಗುರವಾಗಿವೆ ಆ ಚಿತ್ರದ ಗೆರೆಗಳು.

ಬರಬರುತ್ತ ಅವನು ಡ್ರೈಪಾಯಿಂಟ್ ವಿಧಾನವನ್ನು ಹೆಚ್ಚಾಗಿ ಬಳಸಿದ. ಇಲ್ಲಿ ಆಮ್ಲವಿಲ್ಲ, ಸೂಜಿಯಿಂದಲೇ ತಾಮ್ರವನ್ನು ಗೀರಬೇಕು. ಗೀರಿನ ಎರಡೂ ಬದಿಗೆ ಎದ್ದ ಲೋಹದ ಒರಟು ಅಂಚು ಶಾಯಿ ಹಿಡಿದು ಗೆರೆಗೆ ಮಖಮಲ್ಲಿನ ಮೆದು ಕಪ್ಪು ಕೊಡುತ್ತದೆ. ಆದರೆ ಕೆಲವೇ ಪ್ರತಿ ತೆಗೆಯುವಷ್ಟರಲ್ಲಿ ಆ ಅಂಚು ಸವೆದುಹೋಗುತ್ತದೆ. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಬಂದ ಜಪಾನಿನ ನಸುಹಳದಿ ಕಾಗದದ ಮೇಲೆ ಅವನು ಇಂಥ ಪ್ರತಿಗಳನ್ನು ಒತ್ತಿದ. ಆ ಕಾಗದದಲ್ಲಿ ಬಯಲಿಗೆ ಸಂಜೆಯ ಬೆಳಕು ತಾನಾಗಿಯೇ ಬರುತ್ತದೆ.

1651ರ ಒಂದು ಅಡ್ಡಗಲದ ನೋಟದಲ್ಲಿ ಮರಳುದಿಬ್ಬದ ಮೇಲಿನಿಂದ ಕಂಡ ಹೊಲಗಳೂ ದೂರದ ಹಾರ್ಲೆಂನ ದೊಡ್ಡ ಚರ್ಚೂ ಇವೆ. ನಡುವೆ ಮರಗಳ ಮರೆಯಲ್ಲಿರುವ ತೋಟದ ಮನೆ ಕ್ರಿಸ್ಟೊಫೆಲ್ ಥೈಸ್ ಎಂಬಾತನದು. ರೆಂಬ್ರಾಂಟ್ 1639ರಲ್ಲಿ 13,000 ಗಿಲ್ಡರ್‌ಗೆ ಕೊಂಡ ಮನೆಯ ಬಾಕಿ ಹಣ ಸಲ್ಲಬೇಕಾಗಿದ್ದುದು ಇದೇ ಥೈಸ್‌ಗೆ. ಸಾಲಗಾರನೊಬ್ಬ ಸಾಲ ಕೊಟ್ಟವನ ಆಸ್ತಿಯನ್ನು ನೋಡಿ ಬರೆದ ಚಿತ್ರ ಇದು. ಆದರೆ ಅದರಲ್ಲಿ ಬಯಲು ಯಾರೊಬ್ಬರದೂ ಅಲ್ಲವೆಂಬಂತೆ ತೆರೆದು ಹರಡಿದೆ.

ಉಳಿದದ್ದು

ರೆಂಬ್ರಾಂಟ್‌ಗಿಂತ ಕಿರಿಯನಾದ, ಹಾರ್ಲೆಂನಲ್ಲೇ ಹುಟ್ಟಿದ ಯಾಕೊಬ್ ವಾನ್ ರಾಯ್ಸ್‌ಡಾಲ್ ತರುಣನಿದ್ದಾಗ ಹದಿಮೂರು ಎಚ್ಚಿಂಗ್ ಮಾಡಿದ. ಆಂಟೊನಿ ವಾಟರ್ಲೋ ಕಾಡಿನ ಹಾದಿಗಳ ನೂರಕ್ಕೂ ಹೆಚ್ಚು ತಗಡುಗಳನ್ನು ಬರೆದ. ಅವುಗಳಿಂದ ಮುಂದಿನ ಶತಮಾನದಲ್ಲೂ ಪ್ರತಿಗಳನ್ನು ತೆಗೆಯುತ್ತಿದ್ದರು. 1672ರಲ್ಲಿ ಫ್ರಾನ್ಸಿನ ಸೇನೆ ನುಗ್ಗಿದಾಗ ಚಿತ್ರಗಳ ಮಾರುಕಟ್ಟೆ ಕುಸಿಯಿತು. ಆ ಪೀಳಿಗೆಯೊಂದಿಗೆ ಆ ಹುರುಪೂ ಇಳಿಯಿತು. ಆದರೆ ನೋಡುವ ಅಭ್ಯಾಸ ಅಷ್ಟರಲ್ಲಿ ಬೇರೂರಿತ್ತು. ಇಂಗ್ಲಿಷಿನಲ್ಲಿ ನಿಸರ್ಗಚಿತ್ರಕ್ಕಿರುವ 'ಲ್ಯಾಂಡ್‌ಸ್ಕೇಪ್' ಎಂಬ ಹೆಸರೇ ಡಚ್ಚರ 'ಲಾಂಡ್‌ಸ್ಖಾಪ್'ನಿಂದ ಬಂದದ್ದು.

ಆ ಚಿತ್ರಗಳ ನೆಲ ಈಗ ಹಾಗೆಯೇ ಇಲ್ಲ. ನಾತದ ಗಿರಣಿ ಇಲ್ಲ. ಹಾರ್ಲೆಂ ಮತ್ತು ಆಮ್‌ಸ್ಟರ್‌ಡ್ಯಾಂ ನಡುವೆ ದಡಗಳನ್ನು ನುಂಗುತ್ತ ಬೆಳೆದು 'ನೀರುತೋಳ' ಎನಿಸಿಕೊಂಡಿದ್ದ ದೊಡ್ಡ ಸರೋವರವನ್ನು 1852ರಲ್ಲಿ ಬರಿದು ಮಾಡಲಾಯಿತು. ಅದರ ತಳದಲ್ಲಿ ಇಂದು ಸ್ಕಿಪೋಲ್ ವಿಮಾನನಿಲ್ದಾಣವಿದೆ. ಕ್ಲೇಫ್ ಮನೆಯ ಅವಶೇಷ ಹಾರ್ಲೆಂ ನಗರದೊಳಗೆ ಇನ್ನೂ ಉಳಿದಿದೆ. ಆ ಕಾಲದವರಿಗೆ ಊರಾಚೆಯ ಹಾದಿ ಹೇಗಿತ್ತು, ನಡೆದವರು ಯಾರು, ಬಿಸಿಲು ಹೇಗೆ ಬೀಳುತ್ತಿತ್ತು ಎಂಬುದಕ್ಕೆ ಅಂಗೈಯಗಲದ ಆ ಹಾಳೆಗಳೇ ಸಾಕ್ಷಿ.

'ಮೂರು ಮರಗಳು' ಚಿತ್ರದ ದಿಬ್ಬದ ಮೇಲೆ ಕುಳಿತವನು ಇಂದಿಗೂ ಆ ಕಡೆಗೇ ತಿರುಗಿ ಬರೆಯುತ್ತಿದ್ದಾನೆ. ಅವನ ಬೆನ್ನ ಹಿಂದೆ ಇಡೀ ಆಕಾಶ ಕಲಕಿಹೋಗುತ್ತಿದೆ. ಅವನು ನೋಡುತ್ತಿರುವುದು ಚಿತ್ರದ ಅಂಚಿನಾಚೆ ಇದೆ, ನಮಗೆ ಕಾಣುವುದಿಲ್ಲ. ಬಹುಶಃ ಅಲ್ಲಿರುವುದೂ ಒಂದು ಬೇಲಿ, ಒಂದು ಗುಡಿಸಲು, ಒಂದು ಹಾದಿ, ಅಷ್ಟೇ ಇರಬಹುದು.